ಅಡಿ ಜಜ್ಜಿದ ಎಲೆಕ್ಟ್ರಿಕ್ ಕಾರು ಶೆಡ್ಡಲ್ಲಿದೆ, ಕೆಲಸ ಶುರು ಮಾಡಬಹುದಾ?

ತಿಪಟೂರು ಟಿಂಕರ್:
ನಿನ್ನೆ ರಾತ್ರಿ ಬಿ.ಎಚ್. ರಸ್ತೆಯಲ್ಲಿ ಡಿವೈಡರ್ ಹತ್ತಿ ಇಳಿದ ಎಲೆಕ್ಟ್ರಿಕ್ ಕಾರೊಂದನ್ನು ತಂದು ಬಿಟ್ಟಿದ್ದಾರೆ. ಅಡಿಭಾಗ ಒಳಗೆ ಹೋಗಿದೆ. ಬಾನೆಟ್ ಕೆಳಗೆ ಒಂದು ಕಿತ್ತಳೆ ಬಣ್ಣದ ವೈರಿನ ಸಿಪ್ಪೆ ಸುಲಿದಿದೆ. 12 ವೋಲ್ಟ್ ಬ್ಯಾಟರಿಯ ಟರ್ಮಿನಲ್ ಬಿಚ್ಚಿದ್ದೇನೆ. ಇನ್ನು ವೆಲ್ಡಿಂಗ್ ಮಾಡಬಹುದಾ? 20 ವರ್ಷದಿಂದ ಪೆಟ್ರೋಲ್, ಡೀಸೆಲ್ ಗಾಡಿ ಮಾಡಿದವನು ನಾನು. ಇದು ಹೊಸದು. ಕೆಲಸದ ಹುಡುಗರಿಗೆ ಏನೂ ಆಗಬಾರದು.

ಮೈಸೂರು ಇವಿ:
ಅಣ್ಣಾ, ದಯವಿಟ್ಟು ಬೇಡ. ಕಿತ್ತಳೆ ವೈರ್ ಅಂದರೆ ಹೈವೋಲ್ಟೇಜ್. ಕಾರುಗಳಲ್ಲಿ ಸಾಮಾನ್ಯವಾಗಿ 300 ವೋಲ್ಟ್‌ಗೂ ಜಾಸ್ತಿ, ಅದೂ ಡಿಸಿ. 12 ವೋಲ್ಟ್ ತೆಗೆದದ್ದು ಒಳ್ಳೆಯದೇ. ಆದರೆ ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಖಾಲಿಯಾಗಲು ಹೊತ್ತು ಬೇಕು, ನಾವು 10 ನಿಮಿಷ ಕಾಯುತ್ತೇವೆ. ಆಮೇಲೂ 1000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡೇ ಮೀಟರ್ ಹಿಡಿಯುವುದು. ಗ್ಲೌಸ್ ಒಳಗೆ ಗಾಳಿ ತುಂಬಿಸಿ ಒತ್ತಿ ನೋಡುತ್ತೇವೆ, ಸೂಜಿ ಮೊನೆಯಷ್ಟು ತೂತಿದ್ದರೂ ಎಸೆಯುತ್ತೇವೆ.

ನನಗೆ ಹೆದರಿಕೆ ವೈರಿನದಲ್ಲ, ಅಡಿಯಲ್ಲಿರುವ ಬ್ಯಾಟರಿ ಪ್ಯಾಕಿನದು. ಯಾವ ಸ್ವಿಚ್ ತೆಗೆದರೂ ಅದರೊಳಗಿನ ಕರೆಂಟ್ ಹೋಗುವುದಿಲ್ಲ. ಜಜ್ಜಿದ ಸೆಲ್ ಸುಮ್ನೆ ಇದ್ದು, ಎಷ್ಟೋ ಗಂಟೆ, ಕೆಲವು ಸಲ ದಿನಗಳು ಕಳೆದ ಮೇಲೆ ಹೊತ್ತಿಕೊಳ್ಳುತ್ತದೆ. ಕಾರು ಬಯಲಿಗೆ ಹೋಗಲಿ, ಸುತ್ತ 15 ಮೀಟರ್ ಖಾಲಿ ಇರಲಿ. ಪಕ್ಕದಲ್ಲಿ ಏನಿದೆ?

ಟೋಯಿಂಗ್ ಹಾಸನ:
ತಳ್ಳಬೇಡಿ, ಎಳೆಯಲೂಬೇಡಿ. ಚಕ್ರ ತಿರುಗಿದರೆ ಮೋಟರ್ ಕರೆಂಟ್ ಹುಟ್ಟಿಸುತ್ತದೆ. ಚಕ್ರದ ಕೆಳಗೆ ಟ್ರಾಲಿ ಕೊಟ್ಟು, ಗಾಡಿ ಹೊತ್ತೊಯ್ಯುವ ಚಪ್ಪಟೆ ಲಾರಿಗೆ, ಅಂದರೆ ಫ್ಲಾಟ್‌ಬೆಡ್‌ಗೆ ಏರಿಸಬೇಕು. ಕೀ ದೂರ ಇಡಿ. ಇಂಜಿನ್ ಜೊತೆ ಮೋಟರೂ ಇರುವ ಹೈಬ್ರಿಡ್ ಬಂದಾಗಲೂ ಅಷ್ಟೇ, ಇಂಜಿನ್ ಸದ್ದಿಲ್ಲ ಅಂತ ಆಫ್ ಆಗಿದೆ ಅಂದುಕೊಳ್ಳಬೇಡಿ.

ತಿಪಟೂರು ಟಿಂಕರ್:
ಪಕ್ಕದ್ದು ಕೊಬ್ಬರಿ ಗೋಡೌನ್! ಕೈ ನಡುಗುತ್ತಿದೆ. ಹುಡುಗರನ್ನು ಹೊರಗೆ ಕಳಿಸಿದೆ. ಕಾರಿನ ಕಂಪನಿಯವರಿಗೂ ಫೋನ್ ಮಾಡಿದೆ, ಅವರ ಟೆಕ್ನಿಷಿಯನ್ ಫ್ಲಾಟ್‌ಬೆಡ್ ಜೊತೆಗೇ ಬರುತ್ತಾರಂತೆ. ಅಲ್ಲಿವರೆಗೆ?

ಮೈಸೂರು ಇವಿ:
ಗೋಡೌನ್‌ನವರಿಗೆ ಈಗಲೇ ಹೇಳಿ. ದೂರದಿಂದಲೇ ಗಮನಿಸಿ. ಬುಸ್ ಅನ್ನುವ ಸದ್ದು, ಅಡಿಯಿಂದ ಬಿಳಿ ಹೊಗೆ ಅಥವಾ ಏನೋ ಸಿಹಿ ವಾಸನೆ ಬಂದರೆ ಹತ್ತಿರ ಹೋಗಬೇಡಿ, ಆ ಹೊಗೆ ವಿಷ. 112ಕ್ಕೆ ಫೋನ್ ಮಾಡಿ, ಎಲೆಕ್ಟ್ರಿಕ್ ಕಾರು ಅಂತ ಮೊದಲೇ ಹೇಳಿ. ಅದಕ್ಕೆ ತುಂಬಾ ನೀರು ಬೇಕಾಗುತ್ತದೆ.

ತಿಪಟೂರು ಟಿಂಕರ್:
ಕಾರು ಈಗ ಊರಾಚೆ ಖಾಲಿ ಸೈಟಿನಲ್ಲಿದೆ. ಟೆಕ್ನಿಷಿಯನ್ ಅಲ್ಲೇ ಇದ್ದಾರೆ. ಅಣ್ಣಾ, ಆ ಗ್ಲೌಸ್ ಎಲ್ಲಿ ಸಿಗುತ್ತದೆ?