ನನ್ನ ಮಾನಿಟರ್‌ನಲ್ಲಿ ಸಪ್ಪೆ, ಗ್ರಾಹಕರ ಟಿವಿಯಲ್ಲಿ ಕೆಂಪು: ಕಾರಣವೇನು?

ಪ್ರಶ್ನೆ: ನಮಸ್ಕಾರ ಸರ್. ಹಾಸನದ ಸುತ್ತಮುತ್ತ ಮದುವೆಗಳ ವಿಡಿಯೊ ತೆಗೆಯುತ್ತೇನೆ, ಎಡಿಟಿಂಗ್ ಕೂಡ ನನ್ನದೇ. ನನ್ನ ಮಾನಿಟರ್‌ನಲ್ಲಿ ದೃಶ್ಯಗಳು ಸಪ್ಪೆಯಾಗಿವೆ, ವರನ ಕಪ್ಪು ಕೋಟು ಬೂದು ಬಣ್ಣಕ್ಕೆ ತಿರುಗಿದಂತಿದೆ. ಕಾಂಟ್ರಾಸ್ಟ್, ಬಣ್ಣ ಎರಡನ್ನೂ ಏರಿಸಿ ಕೊಟ್ಟರೆ ಗ್ರಾಹಕರ ಟಿವಿಯಲ್ಲಿ ವಧುವಿನ ಮುಖ ಕೆಂಪೇರುತ್ತದೆ, ಕೂದಲು ಬರೀ ಕಪ್ಪು ಮುದ್ದೆ. ಕ್ಯಾಮೆರಾ ಕೆಟ್ಟಿರಬಹುದೇ?

ಉತ್ತರ: ಕ್ಯಾಮೆರಾದ ಮೇಲೆ ಈಗಲೇ ಅನುಮಾನ ಬೇಡ. ಕಪ್ಪು ಬೂದಾಗಿ ಕಾಣುತ್ತಿದೆ ಎಂದಿರಲ್ಲ, ಮುಖ್ಯ ಸುಳಿವು ಅದೇ. ಹೊಳಪನ್ನು ಅಂಕಿಗಳಲ್ಲಿ ಗುರುತಿಸುವಾಗ ಟಿವಿ ಪದ್ಧತಿಯಲ್ಲಿ ಕಪ್ಪಿಗೆ 16, ಬಿಳಿಗೆ 235. ಕಂಪ್ಯೂಟರ್ ಪದ್ಧತಿಯಲ್ಲಿ 0 ಮತ್ತು 255. ಗ್ರಾಫಿಕ್ಸ್ ಕಾರ್ಡ್ ಮೊದಲನೆಯದನ್ನು ಕಳುಹಿಸಿ, ಮಾನಿಟರ್ ಅದನ್ನು ಎರಡನೆಯದೆಂದು ಓದಿಕೊಂಡರೆ ಕಪ್ಪು ತೇಲುತ್ತದೆ, ಬಿಳಿ ಮಂಕಾಗುತ್ತದೆ. ಆ ಸುಳ್ಳು ಚಿತ್ರವನ್ನು ನಂಬಿ ಏರಿಸಿದ ಬಣ್ಣವೆಲ್ಲ ಫೈಲಿನೊಳಗೆ ಕುಳಿತು ಗ್ರಾಹಕರ ಮನೆಗೆ ಹೋಗುತ್ತದೆ. ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಔಟ್‌ಪುಟ್ ಅನ್ನು ‘ಫುಲ್’ (0ಯಿಂದ 255) ಮಾಡಿ, ಮಾನಿಟರ್‌ನಲ್ಲೂ ಅದೇ ಇದೆಯೇ ನೋಡಿ. ಅದು ಸರಿಹೋಗುವವರೆಗೆ ಒಂದು ಕ್ಲಿಪ್ಪಿನ ಬಣ್ಣವನ್ನೂ ಮುಟ್ಟಬೇಡಿ.

ಆಮೇಲೆ ಕ್ಯಾಲಿಬ್ರೇಷನ್, ಅಂದರೆ ತೆರೆಯ ಬಣ್ಣ, ಹೊಳಪನ್ನು ಮಾನಕಕ್ಕೆ ಹೊಂದಿಸುವುದು. ಮಾನಿಟರ್ ಅರ್ಧ ಗಂಟೆ ಉರಿದು ಬಿಸಿಯಾಗಲಿ. ಡೈನಮಿಕ್ ಕಾಂಟ್ರಾಸ್ಟ್, ವಿದ್ಯುತ್ ಉಳಿಸುವ ಮೋಡ್, ರಾತ್ರಿ ಹೊತ್ತು ತೆರೆಯನ್ನು ಹಳದಿ ಮಾಡುವ ಸೌಲಭ್ಯ ಎಲ್ಲವನ್ನೂ ಆಫ್ ಮಾಡಿ. ರೆಕ್ 709 (ಎಚ್‌ಡಿ ಟಿವಿಯ ಬಣ್ಣದ ಮಾನಕ) ಮೋಡ್ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಬಿಳಿ 6500 ಕೆಲ್ವಿನ್, ಗಾಮಾ (ಕಪ್ಪು-ಬಿಳಿಗಳ ನಡುವಿನ ಛಾಯೆಗಳ ಹೊಳಪನ್ನು ನಿರ್ಧರಿಸುವ ಅಳತೆ) 2.4, ಮಬ್ಬು ಬೆಳಕಿನ ಕೋಣೆಯಲ್ಲಿ ಹೊಳಪು ಸುಮಾರು 100 ನಿಟ್ಸ್. ಇವನ್ನು ಕಣ್ಣಳತೆಯಲ್ಲಿ ಹೊಂದಿಸಲು ಹೋಗಬೇಡಿ. ಹಳದಿ ಬಲ್ಬಿನ ಕೆಳಗೆ ಹತ್ತು ನಿಮಿಷ ಕುಳಿತರೆ ಕಣ್ಣು ಅದನ್ನೇ ಬಿಳಿ ಎಂದು ಒಪ್ಪಿಕೊಂಡುಬಿಡುತ್ತದೆ. ಹೊಸ ಲೆನ್ಸಿಗೆ ಕೂಡಿಟ್ಟ ಹಣದಲ್ಲಿ ಮೊದಲು ಒಂದು ಕಲರಿಮೀಟರ್ (ತೆರೆಯ ಬಣ್ಣ ಅಳೆಯುವ ಸಾಧನ) ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ.

ಪ್ರಶ್ನೆ: ಕ್ಯಾಮೆರಾ ಮೇಲೆ ಕೂರಿಸುವ ಚಿಕ್ಕ ಮಾನಿಟರ್‌ಗೂ ಇದೇ ವಿಧಾನವೇ?

ಉತ್ತರ: ಅದಕ್ಕೆ ಕ್ಯಾಮೆರಾದಿಂದಲೇ ಎಸ್‌ಎಂಪಿಟಿಇ ಕಲರ್ ಬಾರ್ (ಪರೀಕ್ಷೆಗೆಂದೇ ಇರುವ ಬಣ್ಣದ ಪಟ್ಟಿಗಳ ಚಿತ್ರ) ಕಳುಹಿಸಿ. ಬಲಗಡೆ ಕೆಳಗೆ, ಕೆಂಪು ಪಟ್ಟಿಯ ಅಡಿಯಲ್ಲಿ ಮೂರು ಸಣ್ಣ ಕಪ್ಪು ಗೆರೆಗಳಿರುತ್ತವೆ: ಒಂದು ಕಪ್ಪಿಗಿಂತ ಕಪ್ಪು, ಒಂದು ಕಪ್ಪು, ಒಂದು ತುಸು ತಿಳಿ. ತಿಳಿ ಗೆರೆ ಮಾತ್ರ ಕಂಡೂ ಕಾಣದಂತಿರಬೇಕು, ಉಳಿದೆರಡು ಒಂದರಲ್ಲೊಂದು ಬೆರೆತಿರಬೇಕು. ಅಲ್ಲಿಯವರೆಗೆ ಬ್ರೈಟ್‌ನೆಸ್ ತಿರುಗಿಸಿ. ‘ಬ್ಲೂ ಓನ್ಲಿ’ (ನೀಲಿ ಮಾತ್ರ ತೋರಿಸುವ) ಗುಂಡಿ ಇದ್ದರೆ ಒತ್ತಿ, ಮೇಲಿನ ಉದ್ದ ಪಟ್ಟಿಗಳಲ್ಲಿ ಬೂದು, ಸಯಾನ್, ಮೆಜೆಂಟಾ, ನೀಲಿ ನಾಲ್ಕೂ ಒಂದೇ ಹೊಳಪಿಗೆ ಬರುವಂತೆ ಕ್ರೋಮಾ (ಬಣ್ಣದ ಗಾಢತೆ) ಮತ್ತು ಹ್ಯೂ (ಬಣ್ಣದ ಛಾಯೆ) ಹೊಂದಿಸಿ.

ಇಷ್ಟಾದರೂ ಬಿಸಿಲಿನಲ್ಲಿ ಆ ತೆರೆಯನ್ನು ನೋಡಿ ಬೆಳಕು ನಿರ್ಧರಿಸಬೇಡಿ. ವೇವ್‌ಫಾರ್ಮ್ (ಚಿತ್ರದ ಹೊಳಪು ತೋರಿಸುವ ನಕ್ಷೆ) ನೋಡಿ, ಜೀಬ್ರಾ (ಬೆಳಕು ಹೆಚ್ಚಾದ ಕಡೆ ಮೂಡುವ ಗೆರೆಗಳು) ಹಾಕಿಕೊಳ್ಳಿ. ಹಗಲಿನ ಬಿಸಿಲಿಗೂ ರಾತ್ರಿಯ ಆರತಕ್ಷತೆಗೂ ವೇವ್‌ಫಾರ್ಮ್‌ನ ಅಳತೆ ಒಂದೇ.

ಪ್ರಶ್ನೆ (ಮತ್ತೊಬ್ಬರು): ಕಲ್ಯಾಣ ಮಂಟಪದ ದೀಪಗಳಡಿ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಹರಿಯುತ್ತವೆ. ಕ್ಯಾಮೆರಾ ಅಮೆರಿಕದಿಂದ ತರಿಸಿದ್ದು. ಜೊತೆಗೆ 400 ಎಂಬಿಪಿಎಸ್‌ನಲ್ಲಿ ರೆಕಾರ್ಡಿಂಗ್ ತಾನಾಗಿ ನಿಲ್ಲುತ್ತದೆ, ಕಾರ್ಡಿನ ವೇಗದ ದರ್ಜೆ ವಿ30.

ಉತ್ತರ: ನಿಮ್ಮ ಕ್ಯಾಮೆರಾ ಎನ್‌ಟಿಎಸ್‌ಸಿ ಎಂಬ ಅಮೆರಿಕದ ವಿಡಿಯೊ ಪದ್ಧತಿಯಲ್ಲಿದ್ದು, ಶಟರ್ 1/60ರಲ್ಲಿರಬೇಕು. ನಮ್ಮ ವಿದ್ಯುತ್ 50 ಹರ್ಟ್ಸ್. ಅದರಿಂದ ಉರಿಯುವ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ; ಶಟರ್ ಅದಕ್ಕೆ ತಾಳೆಯಾಗದಿದ್ದರೆ ಪಟ್ಟಿ ಹರಿಯುತ್ತದೆ. ನಮ್ಮ ದೇಶದ ಪದ್ಧತಿಯಾದ ಪಾಲ್‌ಗೆ ಬದಲಿಸಿ, 25 ಫ್ರೇಮ್, ಶಟರ್ 1/50 ಅಥವಾ 1/100 ಇಡಿ. ವೇದಿಕೆಯ ಹಿಂದಿನ ಎಲ್‌ಇಡಿ ಗೋಡೆ, ಡಿಮ್ಮರ್ ಹಾಕಿದ ಅಗ್ಗದ ಎಲ್‌ಇಡಿ ದೀಪಗಳು ತಮ್ಮದೇ ವೇಗದಲ್ಲಿ ಮಿನುಗುವುದರಿಂದ ಅಲ್ಲಿ ಈ ಲೆಕ್ಕ ಸಾಲದು. ಕ್ಯಾಮೆರಾದಲ್ಲಿ ಕ್ಲಿಯರ್ ಸ್ಕ್ಯಾನ್ (ಶಟರ್ ವೇಗವನ್ನು ಸೂಕ್ಷ್ಮವಾಗಿ ಬದಲಿಸುವ ಸೌಲಭ್ಯ) ಇದ್ದರೆ ಪಟ್ಟಿ ನಿಲ್ಲುವವರೆಗೆ ಸ್ವಲ್ಪಸ್ವಲ್ಪವೇ ಸರಿಸಿ. ಇಲ್ಲದಿದ್ದರೆ ಮುಹೂರ್ತಕ್ಕೆ ಮೊದಲೇ ದೀಪದವರೊಂದಿಗೆ ಮಾತನಾಡಿ ಡಿಮ್ಮರ್ ಪೂರ್ತಿ ಏರಿಸಲು ಹೇಳಿ. ಎಡಿಟಿಂಗ್‌ನಲ್ಲಿ ಈ ಪಟ್ಟಿಗಳನ್ನು ಅಳಿಸುವುದು ಬಹಳ ಕಷ್ಟ.

ಕಾರ್ಡಿನದು ಸರಳ. 400 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 400 ಮೆಗಾಬಿಟ್, ಎಂಟು ಬಿಟ್‌ಗೆ ಒಂದು ಬೈಟಿನಂತೆ 50 ಮೆಗಾಬೈಟ್; ವಿ30 ಭರವಸೆ ಕೊಡುವುದು 30ಕ್ಕೆ ಮಾತ್ರ. ವಿ60 ಕಾರ್ಡ್ ಹಾಕಿ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಆಮೇಲೂ ನಿಂತರೆ ಪರದೆಯ ಮೇಲೆ ಬರುವ ಎಚ್ಚರಿಕೆಯನ್ನು ಇಲ್ಲಿ ಬರೆಯಿರಿ, ಕ್ಯಾಮೆರಾ ಬಿಸಿಯಾಗಿ ನಿಲ್ಲುತ್ತಿದೆಯೇ ನೋಡೋಣ.