ಹೊಸ ಬ್ಯಾಟರಿ ಹಾಕಿದರೂ ಕಾರು ಸ್ಟಾರ್ಟ್ ಆಗುತ್ತಿಲ್ಲ, ಅನುಭವ ಇದ್ದವರು ಹೇಳಿ

ಬಿಜೈ (ಕೇಳಿದವರು): 2014ರ ಪೆಟ್ರೋಲ್ ಕಾರು. ಹೊಸ ಬ್ಯಾಟರಿಗೆ 5,200 ರೂಪಾಯಿ ಆಯಿತು. ಕೀ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು, ಎಂಜಿನ್ ಅಲುಗುವುದಿಲ್ಲ. ಹಾರ್ನ್ ಜೋರಾಗಿಯೇ ಇದೆ, ಹೆಡ್‌ಲೈಟ್ ಮಂಕಾಗುವುದಿಲ್ಲ. ಮೀಟರ್ 12.5 ವೋಲ್ಟ್ ತೋರಿಸುತ್ತದೆ. ನಾಳಿದ್ದು ಅಮ್ಮನನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ಯಬೇಕು.

ಸುರತ್ಕಲ್: ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟಾರ್ ಹೋಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಒಂದು ಗ್ಯಾರೇಜಿನಲ್ಲಿ ಹಾಗೆಯೇ ಹೇಳಿದರು. ಟೋಯಿಂಗ್ 1,800, ಹೊಸ ಸೆಲ್ಫ್ 11,800, ಕೂಲಿ 1,200. ಮನೆಗೆ ತಂದ ಮರುದಿನವೇ ಮತ್ತೆ ‘ಟಕ್’. ಆಮೇಲೆ ಕ್ಲಚ್ ಕೇಬಲ್ ಸುಟ್ಟಿತು, ಅದಕ್ಕೆ 640. ಕೇಬಲ್ ಏಕೆ ಸುಟ್ಟಿತೆಂದು ಒಬ್ಬನೂ ಯೋಚಿಸಲಿಲ್ಲ! ಎಂಜಿನ್‌ನಿಂದ ಕಾರಿನ ಮೈಗೆ ಬರುವ ಅರ್ತ್ ಪಟ್ಟಿ (ಕರೆಂಟು ಬ್ಯಾಟರಿಗೆ ಮರಳುವ ದಾರಿ) ಉಪ್ಪು ಗಾಳಿಗೆ ಒಳಗಿಂದ ಹಸಿರುಗಟ್ಟಿತ್ತು, ಕರೆಂಟು ಬೇರೆ ದಾರಿ ಇಲ್ಲದೆ ಕ್ಲಚ್ ಕೇಬಲ್ ಮೇಲೆ ಹರಿದಿತ್ತು. ಪಟ್ಟಿಯ ಬೆಲೆ 260 ರೂಪಾಯಿ. ಹಳೆಯ ಸೆಲ್ಫ್ ಮರಳಿ ಕೊಡಿ ಎಂದರೆ ‘ಗುಜರಿಗೆ ಹೋಯಿತು’ ಎಂದರು.

ಕಟಪಾಡಿ: ಹೊಸ ಸೆಲ್ಫ್ ಏಕೆ ಹಾಕಿಸಿದಿರಿ ಮಾರಾಯರೇ? ನಾನು ಬಿಚ್ಚಿಸಿ ರಿಪೇರಿ ಮಾಡಿಸಿದೆ. ಕಾರ್ಬನ್ ಬ್ರಷ್ (ಸೆಲ್ಫ್‌ನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು) 320, ಬುಷ್ 130, ಕೂಲಿ 700, ಒಟ್ಟು 1,150. ಎರಡು ಮಳೆಗಾಲ ಕಳೆದವು, ಇವತ್ತಿಗೂ ಅರ್ಧ ಕೀಗೆ ಎಂಜಿನ್ ಎದ್ದು ಕೂರುತ್ತದೆ. ರಿಪೇರಿ ಮಾಡಿಸುವವರೆಗೆ ವೀಲ್ ಸ್ಪ್ಯಾನರಿನಿಂದ ಸೆಲ್ಫ್ ಮೇಲೆ ಎರಡು ಪೆಟ್ಟು ಕೊಟ್ಟು ಓಡಿಸುತ್ತಿದ್ದೆ.

ಸುರತ್ಕಲ್: ಈಗಿನ ಎಷ್ಟೋ ಸೆಲ್ಫ್‌ಗಳ ಒಳಗೆ ಕಾಯಂ ಅಯಸ್ಕಾಂತ ಇರುತ್ತದೆ, ಬಡಿದರೆ ಬಿರುಕು ಬಿಡುತ್ತದೆ. ಸುತ್ತಿಗೆ ವೈದ್ಯವನ್ನು ದಯವಿಟ್ಟು ಬೇರೆಯವರಿಗೆ ಹೇಳಿಕೊಡಬೇಡಿ.

ಕಟಪಾಡಿ: ಸುತ್ತಿಗೆ ಎಂದು ನಾನು ಬರೆದೇ ಇಲ್ಲ. 11,800 ಕೊಟ್ಟವರ ಸಿಟ್ಟು 1,150 ಕೊಟ್ಟವನ ಮೇಲೆ ಏಕೆ?

ಮಣಿಪಾಲ: ಇಬ್ಬರೂ ಇಲಿಯನ್ನು ಮರೆತಿದ್ದೀರಿ. ಹಲಸಿನ ಮರದ ಕೆಳಗೆ ಕಾರು ನಿಲ್ಲಿಸುತ್ತಿದ್ದೆವು. ಸೊಲೆನಾಯ್ಡ್‌ಗೆ (ಕೀ ತಿರುಗಿಸಿದಾಗ ಸೆಲ್ಫ್‌ಗೆ ಕರೆಂಟು ಬಿಡುವ ಸ್ವಿಚ್ಚು) ಹೋಗುವ ಸಣ್ಣ ವೈರ್ ಕಡಿದು, ಅಲ್ಲಿಗೆ ಬಿಡದೆ ವೈರಿಂಗ್ ಕಟ್ಟನ್ನೇ ತಿಂದು ಹಾಕಿತ್ತು. 27,400 ರೂಪಾಯಿ ಬಿಲ್ಲು. ಪ್ಲಾಸ್ಟಿಕ್, ರಬ್ಬರಿಗೆ ಅರ್ಧ ಸವಕಳಿ ಕಳೆದು ವಿಮೆಯವರು ಕೊಟ್ಟದ್ದು ಎಷ್ಟೆಂದು ಬರೆಯಲೂ ಬೇಸರ. ಈಗ ಹೊಗೆಸೊಪ್ಪು ಕಟ್ಟಿಡುತ್ತೇನೆ.

ಕಟಪಾಡಿ: ಹೊಗೆಸೊಪ್ಪಿಗೆ ನಮ್ಮ ಇಲಿಗಳು ಹೆದರುವುದಿಲ್ಲ. ಅದರ ಮೇಲೆಯೇ ಗೂಡು ಕಟ್ಟಿದ್ದವು. ಬೆಕ್ಕು ಸಾಕಿ.

ಮಣಿಪಾಲ: ಫ್ಲ್ಯಾಟಿನಲ್ಲಿ ಬೆಕ್ಕು ಸಾಕಲು ಸಂಘದವರು ಬಿಡಬೇಕಲ್ಲ. ಅದರ ಕತೆ ಬೇರೆಯೇ ಇದೆ.

ಮಲ್ಪೆ: ಕೇಳಿದವರ ಕಾರಿನ ವಿಷಯ ಯಾರೂ ಓದಿದಂತಿಲ್ಲ. ಬೋಟಿನ ಎಂಜಿನ್ ಇಟ್ಟುಕೊಂಡವನು ನಾನು, ಉಪ್ಪಿನ ಕಾಟ ಗೊತ್ತು. ಸುಮ್ಮನಿರುವಾಗಿನ 12.5 ನೋಡಿ ಪ್ರಯೋಜನವಿಲ್ಲ. ಒಬ್ಬರು ಕೀ ತಿರುಗಿಸಿ ಹಿಡಿಯಲಿ, ಆಗ ಬ್ಯಾಟರಿಯ ಮೇಲೆ ಅಳೆಯಿರಿ. ಒಂಬತ್ತೂವರೆಗಿಂತ ಕೆಳಗಿಳಿದರೆ ಹೊಸದಾದರೂ ಬ್ಯಾಟರಿಯ ಮೇಲೆಯೇ ಅನುಮಾನ. ಅಂಗಡಿಯಲ್ಲಿ ಎಷ್ಟು ಕಾಲ ಕುಳಿತಿತ್ತೋ, ತಯಾರಿಕೆಯ ತಿಂಗಳು ನೋಡಿ. ಇಳಿಯದೆ ನಿಂತರೆ ಸೆಲ್ಫ್‌ಗೆ ಕರೆಂಟು ಹರಿಯುತ್ತಿಲ್ಲ. ಹೆಡ್‌ಲೈಟ್ ಮಂಕಾಗುತ್ತಿಲ್ಲ ಎಂದರೆ ಇದೇ ಇರಬೇಕು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್‌ನ ಬರಿಯ ಲೋಹಕ್ಕೆ. ಕೀ ತಿರುಗಿಸಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ. ಗೇರು ನ್ಯೂಟ್ರಲ್‌ನಲ್ಲಿರಲಿ.

ಬಿಜೈ: ಅಳೆದೆ. ಬ್ಯಾಟರಿ ಹನ್ನೆರಡರ ಮೇಲೆಯೇ ನಿಂತಿತು. ಅರ್ತ್‌ನಲ್ಲಿ 0.1 ಮಾತ್ರ.

ಕಟಪಾಡಿ: ಹಾಗಾದರೆ ಬ್ರಷ್. ಹೇಳಿದ್ದೆನಲ್ಲ?

ಸುರತ್ಕಲ್: ಪಾಸಿಟಿವ್ ಕೇಬಲ್ ಇನ್ನೂ ನೋಡಿಲ್ಲ. ಆಗಲೇ ಗೆದ್ದೆ ಎನ್ನಬೇಡಿ.

ಮಲ್ಪೆ: ಅದೂ ಸರಿ. ಬ್ಯಾಟರಿಯ ಪಾಸಿಟಿವ್‌ನಿಂದ ಸೆಲ್ಫ್‌ನ ದಪ್ಪ ಬೋಲ್ಟಿಗೆ ಹಾಗೆಯೇ ಅಳೆಯಿರಿ. ಅಲ್ಲೂ ಏನಿಲ್ಲದಿದ್ದರೆ ಸೆಲ್ಫ್ ಬಿಚ್ಚಿಸಿ, ರಿಪೇರಿಗೆ ಕೊಡಿ, ಹೊಸದು ಬೇಡ.

ಮಣಿಪಾಲ: ಹಳೆಯ ಬ್ಯಾಟರಿಯನ್ನು ಎಷ್ಟಕ್ಕೆ ಕೊಟ್ಟಿರಿ? ನನಗೆ ಹೊಸದರ ಬೆಲೆಯಲ್ಲಿ 600 ಕಳೆದರು, ಪಕ್ಕದ ಮನೆಯವರಿಗೆ 900.

ಸುರತ್ಕಲ್: 600ಕ್ಕೆ ಕೊಟ್ಟು ಬಂದಿರಾ?