ತುಂಗಭದ್ರಾ ದಂಡಿ ಉಸುಕಿನ ಸುದ್ದಿ: ಪರ್ಮಿಟ್ ಪಟ್ಟಿ ಕೈಗೆ ಬಂದೈತಿ, ಮುಂದ?

ವರದಾ_ದಂಡಿ (ಹಾವೇರಿ)

ರಾಣೇಬೆನ್ನೂರು ತಾಲ್ಲೂಕಿನ ಒಂದು ಉಸುಕಿನ ಬ್ಲಾಕ್ (ಉಸುಕು ತೆಗೀಲಿಕ್ಕೆ ಗುತ್ತಿಗೆ ಕೊಟ್ಟ ಹೊಳಿ ಜಾಗ) ಬಗ್ಗೆ ತನಿಖಾ ವರದಿ ಬರಿಯೂದೈತಿ. ರಾತ್ರಿಯೆಲ್ಲಾ ಟಿಪ್ಪರ್ ಓಡ್ತಾವ ಅಂತ ಊರವರು ಹೇಳ್ತಾರ, ವಾಟ್ಸ್‌ಆ್ಯಪ್‌ನಾಗ ವಿಡಿಯೋ ಅದಾವ. ಒಂದು ತಿಂಗಳ ಸಾಗಣೆ ಪರ್ಮಿಟ್ ಪಟ್ಟಿ ಆರ್‌ಟಿಐನಾಗ ಸಿಕ್ಕೈತಿ. ಇಷ್ಟರ ಮ್ಯಾಲೆ ಬರದ್ರ ಸುದ್ದಿ ನಿಲ್ತೈತೇನ್ರಿ? ಇನ್ನೇನು ಕೂಡಿಸಬೇಕು?

ಲೆಕ್ಕಪತ್ರ (ಧಾರವಾಡ)

ನಿಲ್ಲೂದಿಲ್ರಿ. ವಿಡಿಯೋದಾಗ ಗಾಡಿ ಓಡಿದ್ದು ಕಾಣ್ತದ, ಪರ್ಮಿಟ್ ಇತ್ತೋ ಇಲ್ಲೋ ಕಾಣೂದಿಲ್ಲ. ಪಟ್ಟಿಯೊಳಗ ಪರ್ಮಿಟ್ ಕಾಣ್ತದ, ಹೊಳಿಯಿಂದ ಎಷ್ಟು ಉಸುಕು ಎದ್ದಿತು ಅನ್ನೂದು ಕಾಣೂದಿಲ್ಲ. ಹಾಳಿ, ಹೊಳಿ, ಗಾಡಿ ಮೂರರ ಲೆಕ್ಕನೂ ಬ್ಯಾರೆ ಬ್ಯಾರೆ ತಗೋರಿ. ಅವು ಎಲ್ಲಿ ತಾಳಿ ಆಗೂದಿಲ್ಲೋ ಅದೇ ನಿಮ್ಮ ಸುದ್ದಿ.

ಮೊದಲ ಹಾಳಿ. ಪಟ್ಟೀನ ಎಕ್ಸೆಲ್‌ಗೆ ಹಾಕಿ, ಗಾಡಿ ನಂಬರ್ ಪ್ರಕಾರ, ಆಮ್ಯಾಲೆ ಹೊರಟ ವ್ಯಾಳ್ಯಾದ ಪ್ರಕಾರ ಜೋಡಸ್ರಿ. ರಾಣೇಬೆನ್ನೂರಿಂದ ಹುಬ್ಬಳ್ಳಿಗೆ ನೂರು ಕಿ.ಮೀ. ಹತ್ತಿರ. ತುಂಬಿದ ಟಿಪ್ಪರ್ ಹೋಗಿ, ಸುರುವಿ, ತಿರುಗಿ ಬರಲಿಕ್ಕೆ ಐದಾರು ತಾಸು ಬೇಕು. ಅದೇ ಗಾಡಿಗೆ ಎರಡು ತಾಸಿನೊಳಗ ಮತ್ತೊಂದು ಹುಬ್ಬಳ್ಳಿ ಪರ್ಮಿಟ್ ಇದ್ರ ಆ ಸಾಲಿಗೆ ಬಣ್ಣ ಹಚ್ಚಿಡ್ರಿ. ಪ್ರತಿ ನಂಬರನ್ನೂ ಎಂ-ಪರಿವಾಹನ್‌ನಾಗ (ಗಾಡಿ ನೋಂದಣಿ ವಿವರ ತೋರಸೂ ಸರ್ಕಾರಿ ಆ್ಯಪ್) ಹಾಕಿ ಅದು ಯಾವ ವರ್ಗದ ಗಾಡಿ ಅಂತ ನೋಡ್ರಿ. ಬಿಹಾರದ ಉಸುಕಿನ ಚಲನ್‌ಗಳೊಳಗ (ಸಾಗಣೆ ಪರ್ಮಿಟ್) ಆಟೊ, ಬೈಕ್, ಆಂಬುಲೆನ್ಸ್ ನಂಬರ್ ಇದ್ದದ್ದನ್ನ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡೂ ಮಹಾಲೇಖಪಾಲರು) ಹೊರಗ ತೆಗೆದದ್ದೂ ನೋಂದಣಿ ದಾಖಲೆಗೆ ತಾಳಿ ನೋಡೇ. ಆದ್ರ ಒಂದು ಅಕ್ಷರ ತಪ್ಪಿ ಟೈಪ್ ಆದ್ರೂ ಟಿಪ್ಪರ್ ಬೈಕ್ ಆಗ್ತದ. ಒಂದೇ ಸಲ ಬಂದದ್ದು ಬಿಡ್ರಿ, ಮತ್ತ ಮತ್ತ ಬಂದದ್ದು ಹಿಡೀರಿ.

ಹೊಳಿ ಲೆಕ್ಕ ಮಳಿಗಾಲಕ್ಕಿಂತ ಮೊದಲೇ ಆಗಬೇಕು. ನೀರು ಬಂತಂದ್ರ ಗುಂಡಿ ತುಂಬಿ ಪುರಾವೆನೇ ಹೋಗ್ತದ. ಗುಂಡಿಯ ಉದ್ದ, ಅಗಲ ಟೇಪಿನಿಂದ, ಆಳ ಕಮ್ಮಿಯಂದ್ರ ಹತ್ತು ಕಡೆ ಅಳದು ಸರಾಸರಿ ತಗೋರಿ. ಉದಾಹರಣೆಗೆ 100 ಮೀಟರ್ ಉದ್ದ, 40 ಮೀಟರ್ ಅಗಲ, 2 ಮೀಟರ್ ಆಳ ಅಂದ್ರ 8,000 ಘನ ಮೀಟರ್. ಒಣ ಉಸುಕು ಘನ ಮೀಟರಿಗೆ 1.5 ಟನ್ ಹಿಡಿದ್ರ 12,000 ಟನ್. ಹತ್ತು ಗಾಲಿ ಟಿಪ್ಪರಿಗೆ 18 ಟನ್ ಅಂದ್ರ ಸುಮಾರು 667 ಟ್ರಿಪ್. ಹಸಿ ಉಸುಕು ಇದಕ್ಕಿಂತ ಭಾರ, ಅದಕ್ಕ ಈ ಅಂಕಿ ಕಮ್ಮಿ ಕಡೀನ ಇರ್ತದ. ಯಾವಾಗಲೂ ಕಮ್ಮಿ ಅಂಕಿನೇ ಅಚ್ಚು ಮಾಡ್ರಿ. ಗುಂಡಿ ಹಳೇದು ಅಂತ ಗುತ್ತಿಗೆದಾರ ಅಂದೇ ಅಂತಾನ. ಅದಕ್ಕ ಕೋಪರ್ನಿಕಸ್ ಬ್ರೌಸರ್ ಅನ್ನೂ ಜಾಲತಾಣದಾಗ ಸೆಂಟಿನೆಲ್-2 ಉಪಗ್ರಹದ ಚಿತ್ರ ಪುಕ್ಕಟೆ ಸಿಗ್ತಾವ, ಐದು ದಿನಕ್ಕೊಂದು. ಗುತ್ತಿಗೆಗೆ ಮೊದಲಿನದು, ನಂತರದ್ದು ಎರಡೂ ಇಳಿಸಿಕೊಳ್ರಿ. ಒಂದು ಪಿಕ್ಸೆಲ್ 10 ಮೀಟರ್, ಹಿಂಗಾಗಿ ಗುಂಡಿಯ ಹರವು ಕಾಣ್ತದ, ಆಳನೂ ಟಿಪ್ಪರೂ ಕಾಣೂದಿಲ್ಲ.

ನೀರು ನಿಂತ ಗುಂಡಿಗೆ ಒಬ್ಬರೇ ಇಳೀಬ್ಯಾಡ್ರಿ. ಹೊಳಿ ಗೊತ್ತಿದ್ದ ಅಂಬಿಗರನ್ನ ಕರಕೊಂಡು ಹೋಗ್ರಿ.

ಮುಂಡರಗಿ_ನಾಕಾ (ಗದಗ)

ಗಾಡಿ ಲೆಕ್ಕ ಸರಳ ಐತಿ, ಆದ್ರ ಬ್ಯಾಸರದ ಕೆಲಸ. ಸಾರ್ವಜನಿಕ ರಸ್ತೆ ಮ್ಯಾಲೆ ಇಬ್ಬರು ಬ್ಯಾರೆ ಬ್ಯಾರೆ ವಹಿ ಹಿಡಕೊಂಡು, ಮೂರು ದಿನ 24 ತಾಸೂ ಉಸುಕಿನ ಟಿಪ್ಪರ್ ಎಣಸ್ರಿ. ಇಬ್ಬರ ವಹಿ ಒಂದಕ್ಕೊಂದು ಕೂಡಲಿಲ್ಲಂದ್ರ ಆ ತಾಸು ಬಿಟ್ಟುಬಿಡ್ರಿ. ಆಮ್ಯಾಲೆ ಅದೇ ಮೂರು ದಿನದ ಪರ್ಮಿಟ್ ಆರ್‌ಟಿಐನಾಗ ಕೇಳ್ರಿ. ಮೊದಲು ಎಣಿಸಿ, ಆಮ್ಯಾಲೆ ಅರ್ಜಿ. ತಿರುಗಾಮುರುಗಾ ಮಾಡಿದ್ರ ಅವರು ಎಚ್ಚರ ಆಗ್ತಾರ.

ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದ, ಶುಲ್ಕ 10 ರೂಪಾಯಿ. "ಯಾಕೆ ಕ್ರಮ ತಗೊಂಡಿಲ್ಲ" ಅಂತ ಕೇಳಿದ್ರ ಅರ್ಜಿ ಅಲ್ಲೇ ಸತ್ತಂಗ, ದಾಖಲೆ ಕೇಳ್ರಿ. ಪರ್ಮಿಟ್ ಸಂಖ್ಯೆ, ಗಾಡಿ ನಂಬರ್, ಹೊರಟ ವೇಳೆ, ತೂಕ, ತಲುಪುವ ಸ್ಥಳ, ಎಲೆಕ್ಟ್ರಾನಿಕ್ ರೂಪದಾಗ ಅಂತ ಬರೀರಿ. 30 ದಿನಕ್ಕ ಉತ್ತರ ಬರಲಿಲ್ಲಂದ್ರ ಮುಂದಿನ 30 ದಿನದೊಳಗ ಮೊದಲ ಮೇಲ್ಮನವಿ, ಅದೂ ಆಗಲಿಲ್ಲಂದ್ರ 90 ದಿನದೊಳಗ ಮಾಹಿತಿ ಆಯೋಗಕ್ಕ. ಪರಿಸರ ಅನುಮತಿ ಪತ್ರ ಪರಿವೇಶ್ ಅನ್ನೂ ಸರ್ಕಾರಿ ಜಾಲತಾಣದಾಗ ಹುಡುಕ್ರಿ. ಎಷ್ಟು ಆಳ ತೋಡಬೇಕು, ಯಂತ್ರ ಇಳಿಸಬಹುದೋ ಇಲ್ಲೋ ಅನ್ನೂ ಷರತ್ತು ಅದರಾಗೇ ಇರ್ತಾವ. ಆರು ತಿಂಗಳಿಗೊಮ್ಮೆ ಕೊಡಬೇಕಾದ ಪಾಲನಾ ವರದೀನೂ (ಷರತ್ತು ಪಾಲಿಸಿದ್ದರ ವರದಿ) ಕೇಳ್ರಿ.

ಕೊನೆಪುಟ (ಹುಬ್ಬಳ್ಳಿ)

ಬರವಣಿಗೆ ಬಗ್ಗೆ ಎರಡು ಮಾತು. ಮೊದಲ ವಾಕ್ಯದಲ್ಲೇ ಅಂತರ ಹೇಳಿ: ಹೊಳೆಯಿಂದ ಇಷ್ಟು ಟನ್ ಎದ್ದಿದೆ, ಪರ್ಮಿಟ್ ಇದ್ದದ್ದು ಇಷ್ಟಕ್ಕೆ. "ಮಾಫಿಯಾ", "ಕೋಟ್ಯಂತರ ಲೂಟಿ" ಬೇಡ. ನಷ್ಟದ ಅಂಕಿ ಕೊಡುವುದಾದರೆ ಹೆಚ್ಚುವರಿ ಟನ್ನಿಗೆ ಆಗಿನ ರಾಜಧನದ (ಸರ್ಕಾರಕ್ಕೆ ಕಟ್ಟಬೇಕಾದ ರಾಯಲ್ಟಿ) ದರದಿಂದ ಗುಣಿಸಿದ್ದಷ್ಟೇ. ಕರಡಿನ ಪ್ರತಿ ವಾಕ್ಯದ ಎದುರಿಗೆ ಅದಕ್ಕೆ ಆಧಾರವಾದ ದಾಖಲೆಯ ಪುಟಸಂಖ್ಯೆ ಬರೆಯಿರಿ. ಆಧಾರ ಸಿಗದ ವಾಕ್ಯ ಎಷ್ಟೇ ಚಂದ ಇದ್ದರೂ ಹೊಡೆದು ಹಾಕಿ.

ಗುತ್ತಿಗೆದಾರರಿಗೂ ಗಣಿ ಇಲಾಖೆಯ ಹಿರಿಯ ಭೂವಿಜ್ಞಾನಿಗೂ ಲಿಖಿತ ಪ್ರಶ್ನೆ ಕಳಿಸಿ, ಜೊತೆಗೆ ನಿಮ್ಮ ಲೆಕ್ಕದ ಕೋಷ್ಟಕವನ್ನೂ ಇಡಿ, ನಾಲ್ಕೈದು ದಿನ ಕೊಡಿ. ಒಂದೇ ಸಲ ಫೋನ್ ಮಾಡಿ "ಸಂಪರ್ಕಕ್ಕೆ ಸಿಗಲಿಲ್ಲ" ಎಂದು ಬರೆಯುವುದು ಅನ್ಯಾಯ. ಮಾನಹಾನಿ ಮೊಕದ್ದಮೆ ಬಂದರೆ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ ಬರೆದದ್ದು ನಿಜ ಎಂದಷ್ಟೇ ತೋರಿಸಿದರೆ ಸಾಲದು, ಪ್ರಕಟಣೆ ಸಾರ್ವಜನಿಕ ಹಿತಕ್ಕೆ ಎಂಬುದನ್ನೂ ತೋರಿಸಬೇಕಾಗುತ್ತದೆ. ಅವರ ಉತ್ತರ ಕೇಳಿ, ಅದನ್ನು ವರದಿಯ ಮೇಲ್ಭಾಗದಲ್ಲೇ ಹಾಕಿದ್ದು ಆಗ ಕೈಹಿಡಿಯುತ್ತದೆ.

ವಾಟ್ಸ್‌ಆ್ಯಪ್ ವಿಡಿಯೋದಲ್ಲಿ ತೆಗೆದ ಸ್ಥಳ, ಸಮಯದ ಗುರುತು ಉಳಿಯುವುದಿಲ್ಲ. ತೆಗೆದವರ ಫೋನಿನಿಂದಲೇ ಮೂಲ ಫೈಲ್ ತಗೊಳ್ಳಿ.

ವರದಾ_ದಂಡಿ

ಗಾಡಿ ನಂಬರ್ ಅಚ್ಚು ಮಾಡಬೇಕೇನ್ರಿ?

ಕೊನೆಪುಟ

ಬೇಡ. ಚಾಲಕರು ದಿನಗೂಲಿಯವರು, ಮೊದಲು ಪೆಟ್ಟು ಬೀಳುವುದು ಅವರಿಗೆ. ನಂಬರ್ ನಿಮ್ಮ ಕಡತದಲ್ಲಿರಲಿ, ವಿಡಿಯೋದಲ್ಲಿ ಮಸುಕು ಮಾಡಿ. ವಿಡಿಯೋ ತೆಗೆದವರ ಮನೆ, ಹೊಲ ಹಿನ್ನೆಲೆಯಲ್ಲಿ ಕಾಣುತ್ತದೆಯೇ ಎಂದೂ ನೋಡಿ.